ಕಾಗದದ ಮೇಲೆ ಒಂದು ಪ್ರೊಸೆಸರ್: ಗೇಟಿನಿಂದ ಪೈಪ್‌ಲೈನ್‌ವರೆಗೆ ನೀವೇ ಕಟ್ಟುವ ದಾರಿ

ಪ್ರೊಸೆಸರ್ ಬಗ್ಗೆ ಓದಲು ಕೂತವರು ಬಹುತೇಕ ಒಂದೇ ಜಾಗದಲ್ಲಿ ಸಿಕ್ಕಿಕೊಳ್ಳುತ್ತಾರೆ. ಲೆಕ್ಕ ಮಾಡುವ ಎಎಲ್‌ಯು, ಕಂಟ್ರೋಲ್ ಯೂನಿಟ್, ಸಂಖ್ಯೆ ಹಿಡಿದಿಡುವ ರಿಜಿಸ್ಟರ್ ಅಂತ ನಾಲ್ಕು ಚೌಕ, ನಡುವೆ ಒಂದಿಷ್ಟು ಬಾಣ. ಚಿತ್ರ ಬಾಯಿಪಾಠ ಆಗುತ್ತದೆ. ಆದರೆ "ಈ ಬಾಣದಲ್ಲಿ ಯಾವಾಗ ಏನು ಹೋಗುತ್ತದೆ?" ಅಂತ ಯಾರಾದರೂ ಕೇಳಿದರೆ ಬಾಯಿ ಕಟ್ಟುತ್ತದೆ. ನನಗೂ ಬಹಳ ದಿನ ಹಾಗೇ ಇತ್ತು. ಒಂದು ಪುಟ್ಟ ಪ್ರೊಸೆಸರನ್ನು ಕಾಗದದ ಮೇಲೆ ಬರೆದು, ಪೆನ್ಸಿಲ್ ಹಿಡಿದು ಅದನ್ನು ಒಂದೊಂದೇ ಟಿಕ್ ಓಡಿಸಿದ ಮೇಲೆ ಆ ಚೌಕಗಳಿಗೆಲ್ಲ ಜೀವ ಬಂತು.

ಅದನ್ನೇ ಇಲ್ಲಿ ಮಾಡೋಣ. ಒಂದು ನೋಟ್‌ಬುಕ್, ಪೆನ್ಸಿಲ್, ರಬ್ಬರ್ ಸಾಕು. ಎರಡರ ಸಂಖ್ಯಾಪದ್ಧತಿ, ಅಂದರೆ ಬೈನರಿ, ಸ್ವಲ್ಪ ಗೊತ್ತಿದ್ದರೆ ಒಳ್ಳೆಯದು. ಇದು ಆಟಿಕೆ ಯಂತ್ರ ಅಂತ ಹಗುರಾಗಿ ನೋಡಬೇಡಿ. 1971ರಲ್ಲಿ ಬಂದ ಇಂಟೆಲ್ 4004 ಚಿಪ್‌ನಲ್ಲಿ ಇದ್ದದ್ದು ಸುಮಾರು 2,300 ಟ್ರಾನ್ಸಿಸ್ಟರ್ ಮಾತ್ರ. ನಾವು ಬರೆಯುವ ಯಂತ್ರ ಅದರ ಹತ್ತಿರದ ಸಂಬಂಧಿ.

ಹೆಜ್ಜೆ 1: ಮೊದಲು ಆದೇಶಗಳನ್ನು ಬರೆಯಿರಿ

ಹೆಚ್ಚಿನವರು ಸರ್ಕ್ಯೂಟ್‌ನಿಂದ ಶುರು ಮಾಡುತ್ತಾರೆ. ನನ್ನ ಸಲಹೆ ಅದಕ್ಕೆ ತಿರುಗುಮುರುಗು. ಯಂತ್ರಕ್ಕೆ ಯಾವ ಯಾವ ಆದೇಶ ಅರ್ಥವಾಗಬೇಕು ಅನ್ನುವುದನ್ನು ಮೊದಲು ತೀರ್ಮಾನಿಸಿ. ಈ ಪಟ್ಟಿಗೆ ಇನ್‌ಸ್ಟ್ರಕ್ಷನ್ ಸೆಟ್ ಅನ್ನುತ್ತಾರೆ. ಪ್ರೋಗ್ರಾಂ ಬರೆಯುವವರಿಗೂ ಚಿಪ್ ಕಟ್ಟುವವರಿಗೂ ನಡುವಿನ ಕರಾರು ಇದು. ಕರಾರು ಬದಲಾಗದಿದ್ದರೆ ಒಳಗಿನ ಯಂತ್ರವನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. 1964ರಲ್ಲಿ ಐಬಿಎಂ ತನ್ನ ಸಿಸ್ಟಂ/360 ಸರಣಿಯಲ್ಲಿ ಇದನ್ನೇ ಮಾಡಿ ತೋರಿಸಿತು. ಬೇರೆ ಬೇರೆ ವೇಗದ, ಬೇರೆ ಬೇರೆ ಬೆಲೆಯ ಯಂತ್ರಗಳು, ಆದರೆ ಆದೇಶಗಳು ಒಂದೇ. ಚಿಕ್ಕ ಯಂತ್ರಕ್ಕೆ ಬರೆದ ಪ್ರೋಗ್ರಾಂ ದೊಡ್ಡದರಲ್ಲೂ ಓಡುತ್ತಿತ್ತು. "ಆರ್ಕಿಟೆಕ್ಚರ್" ಅನ್ನುವ ಪದ ಈ ಅರ್ಥದಲ್ಲಿ ನೆಲೆಯೂರಿದ್ದೂ ಆಗಲೇ.

ನಮ್ಮ ಯಂತ್ರಕ್ಕೆ ಏಳು ಆದೇಶ ಸಾಕು. ಹೆಸರುಗಳನ್ನು ಕನ್ನಡದಲ್ಲೇ ಇಡೋಣ:

0000 ನಿಲ್ಲು: ಯಂತ್ರ ನಿಲ್ಲುತ್ತದೆ
0001 ತಾ: ಮೆಮೊರಿಯಿಂದ ಒಂದು ಸಂಖ್ಯೆ ತಂದು ಎ ರಿಜಿಸ್ಟರಿಗೆ ಹಾಕುತ್ತದೆ
0010 ಕೂಡು: ಮೆಮೊರಿಯ ಸಂಖ್ಯೆಯನ್ನು ಎಗೆ ಕೂಡುತ್ತದೆ
0011 ಕಳೆ: ಮೆಮೊರಿಯ ಸಂಖ್ಯೆಯನ್ನು ಎಯಿಂದ ಕಳೆಯುತ್ತದೆ
0100 ಇಡು: ಎಯಲ್ಲಿ ಇರುವುದನ್ನು ಮೆಮೊರಿಯಲ್ಲಿ ಇಡುತ್ತದೆ
0101 ಹೋಗು: ಹೇಳಿದ ವಿಳಾಸಕ್ಕೆ ಹಾರುತ್ತದೆ
0110 ಸೊನ್ನೆಗೆ-ಹೋಗು: ಎ ಸೊನ್ನೆ ಆಗಿದ್ದರೆ ಮಾತ್ರ ಹಾರುತ್ತದೆ

ಒಂದೊಂದು ಆದೇಶವೂ 8 ಬಿಟ್, ಅಂದರೆ 0 ಅಥವಾ 1ರ ಎಂಟು ಅಂಕಿ. ಮೊದಲ 4 ಬಿಟ್ "ಏನು ಮಾಡಬೇಕು" ಅನ್ನುತ್ತವೆ, ಉಳಿದ 4 "ಎಲ್ಲಿ" ಅನ್ನುತ್ತವೆ. ವಿಳಾಸಕ್ಕೆ 4 ಬಿಟ್ ಮಾತ್ರ ಸಿಕ್ಕಿರುವುದರಿಂದ ಮೆಮೊರಿಯಲ್ಲಿ 0ರಿಂದ 15ರವರೆಗೆ ಒಟ್ಟು 16 ಮನೆಗಳು. ಒಂದೊಂದು ಮನೆಯಲ್ಲಿ 8 ಬಿಟ್.

ಎರಡು ಕಡೆ ಸ್ವಲ್ಪ ನಿಂತು ನೋಡಿ. ನಿಲ್ಲು ಆದೇಶಕ್ಕೆ ಬೇಕೆಂದೇ 0000 ಕೊಟ್ಟಿದ್ದೇನೆ. ಯಂತ್ರ ದಾರಿ ತಪ್ಪಿ ಖಾಲಿ ಮನೆಗೆ ಬಂದರೆ, ಅಲ್ಲಿ ಎಲ್ಲ ಸೊನ್ನೆ ಇರುತ್ತದೆ, ಅಲ್ಲೇ ನಿಲ್ಲುತ್ತದೆ. ಕೂಡು ಮತ್ತು ಕಳೆ ನಡುವೆ ಕೊನೆಯ ಒಂದು ಬಿಟ್ ಮಾತ್ರ ಬೇರೆ. ಇದು ಮುಂದೆ ತುಂಬಾ ಕೆಲಸಕ್ಕೆ ಬರುತ್ತದೆ.

ಹೆಜ್ಜೆ 2: ಯಂತ್ರಕ್ಕಿಂತ ಮುಂಚೆ ಪ್ರೋಗ್ರಾಂ

ಈ ಏಳು ಆದೇಶದಲ್ಲಿ ಗುಣಾಕಾರ ಇಲ್ಲ. ಹಾಗಾದರೆ 6 × 3 ಹೇಗೆ ಮಾಡುವುದು? 6ನ್ನು ಮೂರು ಸಲ ಕೂಡಿದರಾಯಿತು. ಆದೇಶಗಳು ಸಾಕೋ ಸಾಲವೋ ಅಂತ ತಿಳಿಯಲು ಇಂಥ ಒಂದು ಲೆಕ್ಕವನ್ನು ಬರೆದು ನೋಡಬೇಕು.

0: ತಾ 13
1: ಸೊನ್ನೆಗೆ-ಹೋಗು 8
2: ಕಳೆ 12
3: ಇಡು 13
4: ತಾ 15
5: ಕೂಡು 14
6: ಇಡು 15
7: ಹೋಗು 0
8: ನಿಲ್ಲು
12: 1
13: 3
14: 6
15: 0

13ನೇ ಮನೆಯಲ್ಲಿ ಇನ್ನೆಷ್ಟು ಸಲ ಕೂಡಬೇಕು ಅನ್ನುವ ಲೆಕ್ಕ. 15ನೇ ಮನೆಯಲ್ಲಿ ಉತ್ತರ. ಒಂದೊಂದು ಸುತ್ತಿಗೂ 13ರಲ್ಲಿ ಒಂದು ಕಡಿಮೆಯಾಗುತ್ತದೆ, 15ರಲ್ಲಿ ಆರು ಜಾಸ್ತಿಯಾಗುತ್ತದೆ. 13ನೇ ಮನೆ ಸೊನ್ನೆ ಆದಾಗ ಯಂತ್ರ 8ಕ್ಕೆ ಹಾರಿ ನಿಲ್ಲುತ್ತದೆ.

ಈಗ ಇದನ್ನು ಬೈನರಿಗೆ ಇಳಿಸಿ. "ತಾ 13" ಅಂದರೆ 0001 1101. "ಕಳೆ 12" ಅಂದರೆ 0011 1100. ಎಲ್ಲವನ್ನೂ ನೀವೇ ಬರೆಯಿರಿ, ಹತ್ತು ನಿಮಿಷದ ಕೆಲಸ. ಬರೆದು ಮುಗಿಸಿದ ಮೇಲೆ 16 ಮನೆಗಳನ್ನೂ ಒಮ್ಮೆ ನೋಡಿ. ಯಾವುದು ಆದೇಶ, ಯಾವುದು ಸಂಖ್ಯೆ ಅಂತ ಬಿಟ್‌ಗಳನ್ನು ನೋಡಿ ಹೇಳಲು ಆಗುವುದಿಲ್ಲ. ಎರಡೂ ಒಂದೇ ಮೆಮೊರಿಯಲ್ಲಿ, ಒಂದೇ ರೂಪದಲ್ಲಿ ಕೂತಿರುತ್ತವೆ. 1945ರಲ್ಲಿ ಎಡ್ವ್ಯಾಕ್ ಯಂತ್ರದ ಬಗ್ಗೆ ಜಾನ್ ವಾನ್ ನಾಯ್ಮನ್ ಬರೆದ ವರದಿಯಲ್ಲಿ ಈ ವಿಚಾರ ಇತ್ತು. ಅದಕ್ಕೇ ಇಂಥ ಯಂತ್ರಗಳಿಗೆ ಅವರ ಹೆಸರು ಅಂಟಿಕೊಂಡಿದೆ. ಇದರ ಬಿಸಿ ಹೇಗೆ ತಟ್ಟುತ್ತದೆ ಅಂತ ಹೆಜ್ಜೆ 6ರಲ್ಲಿ ನೋಡೋಣ.

ಹೆಜ್ಜೆ 3: ಕೂಡುವ ಸರ್ಕ್ಯೂಟ್

ಆಂಡ್, ಆರ್, ನಾಟ್, ಎಕ್ಸಾರ್ ಗೇಟ್‌ಗಳ ಪರಿಚಯ ಇದೆ ಅಂದುಕೊಳ್ಳುತ್ತೇನೆ. ಇಲ್ಲದಿದ್ದರೆ ಇಷ್ಟು ನೆನಪಿಡಿ: ಎರಡೂ 1 ಇದ್ದರೆ ಮಾತ್ರ ಆಂಡ್ 1 ಕೊಡುತ್ತದೆ. ಒಂದಾದರೂ 1 ಇದ್ದರೆ ಆರ್ 1 ಕೊಡುತ್ತದೆ. ನಾಟ್ ಬಂದದ್ದನ್ನು ತಿರುಗಿಸುತ್ತದೆ. ಎರಡೂ ಬೇರೆ ಬೇರೆ ಇದ್ದರೆ ಎಕ್ಸಾರ್ 1 ಕೊಡುತ್ತದೆ.

ಶಾಲೆಯಲ್ಲಿ ಕೂಡುವಾಗ "ಕೈಯಲ್ಲಿ ಒಂದು" ಅನ್ನುತ್ತಿದ್ದೆವು, ನೆನಪಿದೆಯಾ? ಪ್ರೊಸೆಸರ್ ಮಾಡುವುದೂ ಅದನ್ನೇ. 6 + 6 ಮಾಡೋಣ, 0110 + 0110. ಬಲಗಡೆಯಿಂದ ಶುರು. 0 + 0 = 0, ಕೈಯಲ್ಲಿ ಏನೂ ಇಲ್ಲ. 1 + 1 ಅಂದರೆ ಎರಡು, ಕೆಳಗೆ 0, ಕೈಯಲ್ಲಿ 1. ಮುಂದಿನದು 1 + 1, ಜೊತೆಗೆ ಕೈಯಲ್ಲಿದ್ದ 1, ಒಟ್ಟು ಮೂರು. ಕೆಳಗೆ 1, ಕೈಯಲ್ಲಿ ಮತ್ತೆ 1. ಕೊನೆಯದು 0 + 0, ಜೊತೆಗೆ 1, ಕೆಳಗೆ 1. ಉತ್ತರ 1100, ಅಂದರೆ 12.

ಪ್ರತಿ ಸ್ಥಾನದಲ್ಲೂ ಮೂರು ಬಿಟ್ ಒಳಗೆ ಬರುತ್ತವೆ: ಎರಡು ಸಂಖ್ಯೆಯವು, ಒಂದು ಕೈಯಲ್ಲಿದ್ದದ್ದು. ಎರಡು ಬಿಟ್ ಹೊರಗೆ ಹೋಗುತ್ತವೆ: ಮೊತ್ತ ಮತ್ತು ಮುಂದಿನ ಸ್ಥಾನಕ್ಕೆ ಹೋಗುವ ಹೊಸ ಕೈಬಿಟ್, ಅಂದರೆ ಕ್ಯಾರಿ. ಇದಕ್ಕೆ ಫುಲ್ ಆಡರ್ ಅನ್ನುತ್ತಾರೆ. ಎರಡು ಎಕ್ಸಾರ್, ಎರಡು ಆಂಡ್, ಒಂದು ಆರ್ ಗೇಟ್ ಇದ್ದರೆ ಒಂದು ಫುಲ್ ಆಡರ್ ತಯಾರು. ಅಂಥ ಎಂಟನ್ನು ಸಾಲಾಗಿ ಜೋಡಿಸಿ, ಒಂದರ ಕೈಬಿಟ್ ಪಕ್ಕದ್ದಕ್ಕೆ ಹೋಗುವ ಹಾಗೆ.

ಕಳೆಯಲು ಇನ್ನೊಂದು ಸರ್ಕ್ಯೂಟ್ ಬೇಕಾ? ಬೇಡ. ಕಾಗದದ ಮೇಲೆ ಕಳೆಯುವಾಗ ನಾವು ಪಕ್ಕದ ಮನೆಯಿಂದ ಸಾಲ ತರುತ್ತೇವೆ. ಯಂತ್ರಕ್ಕೆ ಆ ಸಾಲದ ಗೋಜೇ ಇಲ್ಲ. ಕಳೆಯಬೇಕಾದ ಸಂಖ್ಯೆಯ ಎಲ್ಲ ಬಿಟ್‌ಗಳನ್ನೂ ತಿರುಗಿಸಿ, ಕೂಡಿ, ಜೊತೆಗೆ ಒಂದು ಸೇರಿಸಿದರೆ ಕಳೆದ ಹಾಗೇ ಆಗುತ್ತದೆ. 3 − 1 ನೋಡಿ. 1 ಅಂದರೆ 00000001. ತಿರುಗಿಸಿದರೆ 11111110. ಇದಕ್ಕೆ 00000011 ಕೂಡಿ, ಮತ್ತೆ 1 ಕೂಡಿ. ಎಂಟು ಬಿಟ್ ದಾಟಿ ಹೊರಬೀಳುವ ಕೈಬಿಟ್ಟನ್ನು ಬಿಟ್ಟುಬಿಟ್ಟರೆ ಉಳಿಯುವುದು 00000010, ಅಂದರೆ 2. ಕೈಯಾರೆ ಮಾಡಿ ನೋಡಿ. ಇದು ಸರಿಬಂದಾಗ ಆಗುವ ಖುಷಿಯೇ ಬೇರೆ.

ಸರ್ಕ್ಯೂಟ್‌ನಲ್ಲಿ ಇದು ಇನ್ನೂ ಚೆಂದ. ಎರಡನೇ ಸಂಖ್ಯೆ ಆಡರಿಗೆ ಹೋಗುವ ದಾರಿಯಲ್ಲಿ ಪ್ರತಿ ಬಿಟ್ಟಿಗೂ ಒಂದು ಎಕ್ಸಾರ್ ಗೇಟ್ ಹಾಕಿ. ಆ ಎಂಟೂ ಗೇಟ್‌ಗಳ ಇನ್ನೊಂದು ಕಾಲಿಗೆ "ಕಳೆ" ಅನ್ನುವ ಒಂದೇ ತಂತಿ ಕಟ್ಟಿ. ಅದೇ ತಂತಿಯನ್ನು ಮೊದಲ ಆಡರಿನ ಕೈಬಿಟ್ಟಿಗೂ ಕೊಡಿ. ತಂತಿ 0 ಇದ್ದರೆ ಯಂತ್ರ ಕೂಡುತ್ತದೆ, 1 ಇದ್ದರೆ ಕಳೆಯುತ್ತದೆ. ಈ ತಂತಿ ಎಲ್ಲಿಂದ ಬರಬೇಕು? ಆದೇಶದ ನಾಲ್ಕನೇ ಬಿಟ್‌ನಿಂದ ನೇರವಾಗಿ! ಕೂಡು 0010, ಕಳೆ 0011. ತಾ ಆದೇಶದಲ್ಲೂ ಆ ಬಿಟ್ 1 ಇದೆ ನಿಜ, ಆದರೆ ಆಗ ಆಡರಿನ ಉತ್ತರವನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ತೊಂದರೆ ಇಲ್ಲ. ಆದೇಶಕ್ಕೆ ಸಂಖ್ಯೆ ಕೊಡುವಾಗ ಸ್ವಲ್ಪ ಯೋಚಿಸಿದರೆ ಗೇಟ್‌ಗಳು ಹೀಗೆ ಉಳಿಯುತ್ತವೆ.

ಇಲ್ಲೇ ಇನ್ನೊಂದು ಮಾತು. ಕೈಬಿಟ್ ಒಂದು ಸ್ಥಾನ ದಾಟಲು ಎರಡು ಗೇಟ್ ಹೊತ್ತು ಬೇಕು. ಎಂಟು ಬಿಟ್ಟಿಗೆ ಹದಿನಾರು. 64 ಬಿಟ್ಟಿಗೆ 128. ಆ ಕೊನೆಯ ಬಿಟ್ ನೆಲೆ ನಿಲ್ಲುವ ತನಕ ಉತ್ತರ ನಂಬುವ ಹಾಗಿಲ್ಲ. ಅದಕ್ಕೇ ದೊಡ್ಡ ಪ್ರೊಸೆಸರ್‌ಗಳಲ್ಲಿ ಕೈಬಿಟ್‌ಗಳನ್ನು ಗುಂಪಾಗಿ ಮೊದಲೇ ಲೆಕ್ಕ ಹಾಕುವ ಕ್ಯಾರಿ ಲುಕ್‌ಅಹೆಡ್ ಆಡರ್ ಇರುತ್ತದೆ. ಗೇಟ್ ಜಾಸ್ತಿ ಖರ್ಚಾಗುತ್ತದೆ, ಹೊತ್ತು ಉಳಿಯುತ್ತದೆ.

ಹೆಜ್ಜೆ 4: ನೆನಪು ಮತ್ತು ಕ್ಲಾಕ್

ಗೇಟಿಗೆ ನೆನಪಿಲ್ಲ. ಒಳಗೆ ಬಂದದ್ದು ಬದಲಾದರೆ ಹೊರಗೆ ಹೋಗುವುದೂ ಬದಲಾಗುತ್ತದೆ. ನೆನಪಿಗೆ ಫ್ಲಿಪ್-ಫ್ಲಾಪ್ ಬೇಕು. ಒಂದು ಫ್ಲಿಪ್-ಫ್ಲಾಪ್ ಒಂದು ಬಿಟ್ ಹಿಡಿದುಕೊಳ್ಳುತ್ತದೆ. ಎಂಟು ಸೇರಿದರೆ ಒಂದು 8 ಬಿಟ್ ರಿಜಿಸ್ಟರ್.

ಕ್ಲಾಕ್ ಅಂದರೆ ಒಂದೇ ತಾಳದಲ್ಲಿ 0, 1, 0, 1 ಅಂತ ಬದಲಾಗುತ್ತಲೇ ಇರುವ ಒಂದು ತಂತಿ. ಅದು ಯಾಕೆ ಬೇಕು ಅನ್ನುವುದು ತುಂಬಾ ಜನರಿಗೆ ಗೊಂದಲ. ಎಯಲ್ಲಿ 6 ಇದೆ, ಬಿಯಲ್ಲಿ 6 ಇದೆ, ಮೊತ್ತವನ್ನು ಮತ್ತೆ ಎಗೇ ಹಾಕಬೇಕು ಅಂದುಕೊಳ್ಳಿ. ಕ್ಲಾಕ್ ಇಲ್ಲದಿದ್ದರೆ ಎಯಲ್ಲಿ 12 ಆದ ತಕ್ಷಣ ಆಡರ್ 18 ಅನ್ನುತ್ತದೆ, ಅದು ಎಗೆ ಹೋಗುತ್ತದೆ, ಮತ್ತೆ 24, ಹೀಗೇ ಓಡುತ್ತಲೇ ಇರುತ್ತದೆ. ಕ್ಲಾಕ್ 0ಯಿಂದ 1ಕ್ಕೆ ಏರುವ ಆ ಒಂದು ಕ್ಷಣದಲ್ಲಿ ಮಾತ್ರ ರಿಜಿಸ್ಟರ್ ಬಾಗಿಲು ತೆರೆಯುತ್ತದೆ. ಆಗ ಬಾಗಿಲಲ್ಲಿ ಇದ್ದದ್ದನ್ನು ಹಿಡಿದು ತಕ್ಷಣ ಮುಚ್ಚುತ್ತದೆ. ಎರಡು ಏರಿಕೆಗಳ ನಡುವಿನ ಹೊತ್ತಿನಲ್ಲಿ, ಅಂದರೆ ಒಂದು ಟಿಕ್‌ನಲ್ಲಿ, ಗೇಟ್‌ಗಳು ತಮ್ಮ ಲೆಕ್ಕ ಮುಗಿಸಿ ನೆಲೆಗೊಳ್ಳಬೇಕು. ಅತಿ ಉದ್ದದ ದಾರಿಗೆ ಎಷ್ಟು ಹೊತ್ತು ಬೇಕೋ, ಕ್ಲಾಕ್ ಅದಕ್ಕಿಂತ ಬೇಗ ಓಡುವ ಹಾಗಿಲ್ಲ. 3 ಗಿಗಾಹರ್ಟ್ಸ್ ಅಂದರೆ ಸೆಕೆಂಡಿಗೆ 300 ಕೋಟಿ ಟಿಕ್, ಒಂದು ಟಿಕ್‌ನಲ್ಲಿ ಬೆಳಕು ಸುಮಾರು 10 ಸೆಂಟಿಮೀಟರ್ ಮಾತ್ರ ಸಾಗುತ್ತದೆ. ಅಷ್ಟರಲ್ಲಿ ಎಲ್ಲ ಮುಗಿಯಬೇಕು.

ನಮಗೆ ಬೇಕಾದ ರಿಜಿಸ್ಟರ್‌ಗಳು ಐದು. ಎ ಮತ್ತು ಬಿ, 8 ಬಿಟ್‌ನವು. ಸದ್ಯದ ಆದೇಶ ಹಿಡಿಯುವ ಆದೇಶ ರಿಜಿಸ್ಟರ್, 8 ಬಿಟ್. ಮುಂದಿನ ಆದೇಶ ಎಲ್ಲಿದೆ ಅಂತ ಹೇಳುವ ಪ್ರೋಗ್ರಾಂ ಕೌಂಟರ್, ಚಿಕ್ಕದಾಗಿ ಪಿಸಿ, 4 ಬಿಟ್. ಮೆಮೊರಿಯ ಯಾವ ಮನೆ ತೆರೆದಿದೆ ಅಂತ ಹೇಳುವ ವಿಳಾಸ ರಿಜಿಸ್ಟರ್, 4 ಬಿಟ್.

ಹೆಜ್ಜೆ 5: ಬಸ್ ಎಳೆಯಿರಿ

ಎಲ್ಲವನ್ನೂ ಎಲ್ಲದಕ್ಕೂ ಜೋಡಿಸಿದರೆ ತಂತಿಗಳ ಕಾಡಾಗುತ್ತದೆ. ಅದರ ಬದಲು ಪುಟದ ನಡುವೆ ಒಂದು ದಪ್ಪ ಗೆರೆ ಎಳೆಯಿರಿ. ಅದು ಬಸ್, 8 ತಂತಿಗಳ ಕಟ್ಟು. ಎರಡೂ ಬದಿಗೆ ರಿಜಿಸ್ಟರ್‌ಗಳು, ಮೆಮೊರಿ, ಆಡರ್. ನಿಯಮ ಒಂದೇ: ಒಂದು ಟಿಕ್‌ನಲ್ಲಿ ಒಬ್ಬರೇ ಮಾತಾಡಬೇಕು, ಕೇಳುವವರು ಕೇಳಬಹುದು. ಇಬ್ಬರು ಒಟ್ಟಿಗೆ ಮಾತಾಡಿದರೆ ಒಬ್ಬ 1 ಅನ್ನುತ್ತಾನೆ, ಇನ್ನೊಬ್ಬ 0 ಅನ್ನುತ್ತಾನೆ, ನಿಜವಾದ ಸರ್ಕ್ಯೂಟ್ ಆಗಿದ್ದರೆ ಬಿಸಿಯೇರುತ್ತದೆ.

ಹೆಜ್ಜೆ 6: ಕ್ಲಾಕ್ ನೀವೇ ಆಗಿ

ಇದು ಈ ಇಡೀ ಕೆಲಸದ ಹೃದಯ. ಇದನ್ನು ಹಾರಿಸಬೇಡಿ.

ಯಾವ ಆದೇಶವಾದರೂ ಮೊದಲ ಎರಡು ಟಿಕ್ ಒಂದೇ. ಮೊದಲ ಟಿಕ್‌ನಲ್ಲಿ ಪಿಸಿಯಲ್ಲಿರುವ ಸಂಖ್ಯೆ ವಿಳಾಸ ರಿಜಿಸ್ಟರಿಗೆ ಹೋಗುತ್ತದೆ. ಎರಡನೇ ಟಿಕ್‌ನಲ್ಲಿ ಮೆಮೊರಿಯ ಆ ಮನೆಯಲ್ಲಿದ್ದದ್ದು ಆದೇಶ ರಿಜಿಸ್ಟರಿಗೆ ಬರುತ್ತದೆ, ಪಿಸಿ ಒಂದು ಜಾಸ್ತಿಯಾಗುತ್ತದೆ. ಇದು ಆದೇಶವನ್ನು ತರುವ ಭಾಗ, ಫೆಚ್. ಮುಂದಿನದು ಆದೇಶಕ್ಕೆ ತಕ್ಕ ಹಾಗೆ:

ತಾ: ಮೂರನೇ ಟಿಕ್‌ನಲ್ಲಿ ಆದೇಶದ ಕೊನೆಯ 4 ಬಿಟ್ ವಿಳಾಸ ರಿಜಿಸ್ಟರಿಗೆ, ನಾಲ್ಕನೇ ಟಿಕ್‌ನಲ್ಲಿ ಮೆಮೊರಿಯಿಂದ ಎಗೆ. ಒಟ್ಟು 4.
ಕೂಡು, ಕಳೆ: ಮೂರರಲ್ಲಿ ವಿಳಾಸ, ನಾಲ್ಕರಲ್ಲಿ ಮೆಮೊರಿಯಿಂದ ಬಿಗೆ, ಐದರಲ್ಲಿ ಆಡರಿನ ಉತ್ತರ ಎಗೆ. ಒಟ್ಟು 5.
ಇಡು: ಮೂರರಲ್ಲಿ ವಿಳಾಸ, ನಾಲ್ಕರಲ್ಲಿ ಎಯಿಂದ ಮೆಮೊರಿಗೆ. ಒಟ್ಟು 4.
ಹೋಗು, ಸೊನ್ನೆಗೆ-ಹೋಗು, ನಿಲ್ಲು: ಮೂರೇ ಟಿಕ್. ಹಾರುವುದು ಅಂದರೆ ಆದೇಶದ ಕೊನೆಯ 4 ಬಿಟ್ಟನ್ನು ಪಿಸಿಗೆ ಹಾಕುವುದು, ಅಷ್ಟೇ.

ಈಗ ಪೆನ್ಸಿಲ್ ಹಿಡಿಯಿರಿ. ಐದು ರಿಜಿಸ್ಟರ್‌ಗೆ ಐದು ಅಂಕಣ ಎಳೆದು ಶುರು ಮಾಡಿ. ಮೊದಲ ಹನ್ನೆರಡು ಟಿಕ್ ಜೊತೆಗೇ ಮಾಡೋಣ. ಟಿಕ್ 1: ವಿಳಾಸ 0. ಟಿಕ್ 2: ಆದೇಶ 0001 1101, ಪಿಸಿ 1. ಟಿಕ್ 3: ವಿಳಾಸ 13. ಟಿಕ್ 4: ಎಯಲ್ಲಿ 3. ಟಿಕ್ 5: ವಿಳಾಸ 1. ಟಿಕ್ 6: ಆದೇಶ 0110 1000, ಪಿಸಿ 2. ಟಿಕ್ 7: ಎ ಸೊನ್ನೆ ಅಲ್ಲ, ಏನೂ ಆಗುವುದಿಲ್ಲ. ಟಿಕ್ 8: ವಿಳಾಸ 2. ಟಿಕ್ 9: ಆದೇಶ 0011 1100, ಪಿಸಿ 3. ಟಿಕ್ 10: ವಿಳಾಸ 12. ಟಿಕ್ 11: ಬಿಯಲ್ಲಿ 1. ಟಿಕ್ 12: ಎಯಲ್ಲಿ 2.

ಉಳಿದದ್ದನ್ನು ನೀವು ಮುಂದುವರಿಸಿ. ಮೊದಲ ಸುತ್ತು ನಿಧಾನ, ಮೂರನೇ ಸುತ್ತಿಗೆ ಕೈ ತಾನಾಗೇ ಓಡುತ್ತದೆ.

ನಾನು ಮೊದಲ ಸಲ ಮಾಡಿದಾಗ 18 ಬರಲಿಲ್ಲ. 15ನೇ ಮನೆಯಲ್ಲಿ 6 ಇತ್ತು, ಯಂತ್ರ ನಿಂತಿತ್ತು. ಆಡರಲ್ಲಿ ತಪ್ಪಿದೆ ಅಂತ ಅರ್ಧ ಗಂಟೆ ಅದನ್ನೇ ತಿದ್ದುತ್ತಾ ಕೂತೆ. ಆಡರ್ ಸರಿಯಾಗೇ ಇತ್ತು. ಮೂರನೇ ಮನೆಯಲ್ಲಿ "ಇಡು 13" ಬರೆಯುವ ಕಡೆ ನಾನು "ಇಡು 3" ಅಂತ ಬರೆದಿದ್ದೆ. ಹಾಗಾಗಿ ಎಯಲ್ಲಿದ್ದ 2 ಹೋಗಿ ಮೂರನೇ ಮನೆಯಲ್ಲೇ ಕೂತಿತು, ಆ ಆದೇಶದ ಮೇಲೆಯೇ. ಮೊದಲ ಸುತ್ತು ಏನೂ ಗೊತ್ತಾಗಲಿಲ್ಲ. ಎರಡನೇ ಸುತ್ತಿನಲ್ಲಿ ಯಂತ್ರ ಮೂರನೇ ಮನೆಗೆ ಬಂದಾಗ ಅಲ್ಲಿ ಸಿಕ್ಕಿದ್ದು 0000 0010. ಅದು ನಾನಿಟ್ಟ ಸಂಖ್ಯೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ಮೊದಲ ನಾಲ್ಕು ಬಿಟ್ 0000, ಅಂದರೆ ನಿಲ್ಲು. ನಿಂತಿತು.

ಆದೇಶ ಮತ್ತು ಸಂಖ್ಯೆ ಒಂದೇ ಮೆಮೊರಿಯಲ್ಲಿ ಇರುವುದು ಅಂದರೆ ಏನು ಅಂತ ನನಗೆ ಪೂರ್ತಿ ಅರ್ಥವಾಗಿದ್ದು ಆಗಲೇ. ಮೆಮೊರಿಯ ಒಂದು ಭಾಗವನ್ನು "ಇಲ್ಲಿ ಬರೆಯುವಂತಿಲ್ಲ" ಅಥವಾ "ಇಲ್ಲಿರುವುದನ್ನು ಆದೇಶವಾಗಿ ಓಡಿಸುವಂತಿಲ್ಲ" ಅಂತ ಗುರುತು ಹಾಕುವ ಸೌಲಭ್ಯ ಇಂದಿನ ಪ್ರೊಸೆಸರ್‌ಗಳಲ್ಲಿ ಇರುವುದು ಇದೇ ಕಾರಣಕ್ಕೆ. ನೀವೂ ಒಮ್ಮೆ ಬೇಕೆಂದೇ ಆ ತಪ್ಪು ಮಾಡಿ, ಓಡಿಸಿ ನೋಡಿ.

ಹೆಜ್ಜೆ 7: ಕಂಟ್ರೋಲ್ ಯೂನಿಟ್, ಅಂದರೆ ಒಂದು ಕೋಷ್ಟಕ

ಇಷ್ಟು ಹೊತ್ತು "ಈಗ ಯಾರು ಮಾತಾಡಬೇಕು, ಯಾರು ಕೇಳಬೇಕು" ಅಂತ ತೀರ್ಮಾನಿಸುತ್ತಿದ್ದದ್ದು ನೀವು. ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದರೆ ಅದೇ ಕಂಟ್ರೋಲ್ ಯೂನಿಟ್.

ಮೊದಲು ತಂತಿಗಳನ್ನು ಎಣಿಸಿ. ಪಿಸಿ ಬಸ್ಸಿಗೆ ಕೊಡು, ಪಿಸಿ ಬಸ್ಸಿಂದ ತಗೋ, ಪಿಸಿಗೆ ಒಂದು ಸೇರಿಸು. ವಿಳಾಸ ತಗೋ. ಮೆಮೊರಿ ಕೊಡು, ಮೆಮೊರಿ ತಗೋ. ಆದೇಶ ತಗೋ, ಆದೇಶದ ಕೊನೆಯ 4 ಬಿಟ್ ಕೊಡು. ಎ ಕೊಡು, ಎ ತಗೋ. ಬಿ ತಗೋ. ಆಡರ್ ಕೊಡು. ಕಳೆ (ಹೆಜ್ಜೆ 3ರಲ್ಲಿ ಆದೇಶದ ಬಿಟ್‌ನಿಂದ ನೇರವಾಗಿ ತಂದ ಈ ತಂತಿಯನ್ನು ಈಗ ಕೋಷ್ಟಕದಿಂದಲೇ ಕೊಡೋಣ). ಕ್ಲಾಕ್ ನಿಲ್ಲಿಸು. ಹೆಜ್ಜೆ ಎಣಿಕೆಯನ್ನು ಮೊದಲಿಗೆ ತಾ. ಒಟ್ಟು 15. ಆ ಕೊನೆಯದಕ್ಕೆ ಒಂದು ಚಿಕ್ಕ ಕೌಂಟರ್ ಬೇಕು, ಆದೇಶದ ಎಷ್ಟನೇ ಟಿಕ್‌ನಲ್ಲಿ ಇದ್ದೇವೆ ಅಂತ ಎಣಿಸಲು. ಐದರವರೆಗೆ ಎಣಿಸಬೇಕು, 3 ಬಿಟ್ ಸಾಕು.

ಈಗ ಕೋಷ್ಟಕ. ಎಡಗಡೆ ಮೂರು ಸಂಗತಿ: ಆದೇಶದ 4 ಬಿಟ್, ಹೆಜ್ಜೆಯ 3 ಬಿಟ್, ಎ ಸೊನ್ನೆಯೇ ಅನ್ನುವ 1 ಬಿಟ್. ಒಟ್ಟು 8 ಬಿಟ್, ಅಂದರೆ 256 ಸಾಲು. ಬಲಗಡೆ 15 ತಂತಿಗಳಲ್ಲಿ ಯಾವುದು 1, ಯಾವುದು 0. "ಕೂಡು, ಐದನೇ ಟಿಕ್" ಸಾಲಿನಲ್ಲಿ "ಆಡರ್ ಕೊಡು", "ಎ ತಗೋ", "ಹೆಜ್ಜೆ ಮೊದಲಿಗೆ" ಈ ಮೂರು 1, ಉಳಿದದ್ದು 0. ಹೆಚ್ಚಿನ ಸಾಲುಗಳು ಖಾಲಿ. ಹೆದರಬೇಡಿ, ಬರೆಯಬೇಕಾದ್ದು ಬೆರಳೆಣಿಕೆಯಷ್ಟೇ.

ಈ ಕೋಷ್ಟಕವನ್ನು ಒಂದು ಚಿಕ್ಕ ಮೆಮೊರಿಯಲ್ಲಿ ತುಂಬಿಟ್ಟರೆ ಅದು ಮೈಕ್ರೋಪ್ರೋಗ್ರಾಮಿಂಗ್. 1951ರಲ್ಲಿ ಮಾರಿಸ್ ವಿಲ್ಕ್ಸ್ ಮುಂದಿಟ್ಟ ವಿಚಾರ ಇದು. ಗೇಟ್‌ಗಳಲ್ಲೇ ಕಟ್ಟಿದರೆ ಹಾರ್ಡ್‌ವೈರ್ಡ್ ಕಂಟ್ರೋಲ್. ಮೊದಲನೆಯದನ್ನು ತಿದ್ದುವುದು ಸುಲಭ, ಎರಡನೆಯದು ವೇಗ. ಕಲಿಯುವವರಿಗೆ ಮೊದಲನೆಯದೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಹೊಸ ಆದೇಶ ಬೇಕೆನಿಸಿದರೆ ಕೋಷ್ಟಕಕ್ಕೆ ನಾಲ್ಕು ಸಾಲು ಸೇರಿಸಿದರಾಯಿತು.

ಹೆಜ್ಜೆ 8: ಅಳೆಯಿರಿ

ಎಷ್ಟು ಟಿಕ್ ಆಯಿತು? ಒಂದು ಸುತ್ತಿನಲ್ಲಿ ಎಂಟು ಆದೇಶ: 4 + 3 + 5 + 4 + 4 + 5 + 4 + 3 = 32 ಟಿಕ್. ಮೂರು ಸುತ್ತಿಗೆ 96. ಕೊನೆಗೆ ತಾ, ಸೊನ್ನೆಗೆ-ಹೋಗು, ನಿಲ್ಲು ಸೇರಿ 10. ಒಟ್ಟು 27 ಆದೇಶ, 106 ಟಿಕ್.

ಪ್ರೋಗ್ರಾಂ ಮುಗಿಯಲು ಬೇಕಾದ ಹೊತ್ತು ಅಂದರೆ ಆದೇಶಗಳ ಸಂಖ್ಯೆ, ಒಂದು ಆದೇಶಕ್ಕೆ ಬೇಕಾದ ಟಿಕ್, ಒಂದು ಟಿಕ್‌ನ ಹೊತ್ತು, ಈ ಮೂರರ ಗುಣಲಬ್ಧ. ಗಿಗಾಹರ್ಟ್ಸ್ ಅನ್ನುವುದು ಮೂರನೆಯದನ್ನು ಮಾತ್ರ ಹೇಳುತ್ತದೆ. ಗಿಗಾಹರ್ಟ್ಸ್ ಒಂದನ್ನೇ ನೋಡಿ ಎರಡು ಬೇರೆ ಜಾತಿಯ ಪ್ರೊಸೆಸರ್‌ಗಳನ್ನು ಹೋಲಿಸುವುದು ತಪ್ಪು ಅಂತ ನಾನು ಹೇಳುವುದು ಅದಕ್ಕೇ. ಒಂದು ಪ್ರಯೋಗ ಮಾಡಿ: 13ರಲ್ಲಿ 6, 14ರಲ್ಲಿ 3 ಇಡಿ. ಉತ್ತರ ಅದೇ 18, ಆದರೆ ಆರು ಸುತ್ತು, 202 ಟಿಕ್. ಯಂತ್ರದ ಒಂದು ತಂತಿಯನ್ನೂ ಮುಟ್ಟದೆ ಹೊತ್ತು ಹೆಚ್ಚುಕಡಿಮೆ ಎರಡರಷ್ಟಾಯಿತು, ಅಲ್ವಾ?

ಎರಡನೆಯದನ್ನು, ಅಂದರೆ ಒಂದು ಆದೇಶಕ್ಕೆ ಬೇಕಾದ ಟಿಕ್‌ಗಳನ್ನು, ಕಡಿಮೆ ಮಾಡುವ ಒಂದು ದಾರಿ ರಿಜಿಸ್ಟರ್‌ಗಳನ್ನು ಹೆಚ್ಚಿಸುವುದು. ನಮ್ಮ ಯಂತ್ರ ಮೇಲಿಂದ ಮೇಲೆ ಮೆಮೊರಿಗೆ ಓಡುತ್ತದೆ, ಯಾಕೆಂದರೆ ಅದಕ್ಕೆ ಎ ಒಂದೇ ಗತಿ. 2010ರಲ್ಲಿ ಬರ್ಕ್ಲಿಯಲ್ಲಿ ಶುರುವಾದ ರಿಸ್ಕ್-ಫೈವ್ ಅನ್ನುವ ಇನ್‌ಸ್ಟ್ರಕ್ಷನ್ ಸೆಟ್‌ನಲ್ಲಿ 32 ರಿಜಿಸ್ಟರ್ ಇವೆ. ಅದರ ಕೂಡುವ ಆದೇಶ ಮೂರು ರಿಜಿಸ್ಟರ್ ಹೆಸರಿಸುತ್ತದೆ: ಎರಡು ಕೂಡಲು, ಒಂದು ಉತ್ತರಕ್ಕೆ. ಒಂದೊಂದಕ್ಕೆ 5 ಬಿಟ್, ಒಟ್ಟು 15. ಉಳಿದ 17 ಬಿಟ್ ಏನು ಮಾಡಬೇಕು ಅಂತ ಹೇಳಲು. 32 ಬಿಟ್‌ನೊಳಗೆ ಅಚ್ಚುಕಟ್ಟಾಗಿ ಕೂತಿದೆ. ರಿಜಿಸ್ಟರ್‌ನ ಹೆಸರು ಆದೇಶದಲ್ಲಿ ಯಾವಾಗಲೂ ಅದೇ ಜಾಗದಲ್ಲಿ ಇರುವುದರಿಂದ, ಯಾವ ಆದೇಶ ಅಂತ ಪೂರ್ತಿ ತಿಳಿಯುವ ಮುಂಚೆಯೇ ರಿಜಿಸ್ಟರ್ ಓದಲು ಶುರು ಮಾಡಬಹುದು. ಮತ್ತೆ ಸೊನ್ನೆಯನೇ ರಿಜಿಸ್ಟರ್‌ನಲ್ಲಿ ಸದಾ 0. ಸೊನ್ನೆ ಎಷ್ಟು ಸಲ ಬೇಕಾಗುತ್ತದೆ ಅಂತ ಪ್ರೋಗ್ರಾಂ ಬರೆದವರಿಗೆ ಗೊತ್ತು.

ಹೆಜ್ಜೆ 9: ಪೈಪ್‌ಲೈನ್

ಒಂದು ಆದೇಶ ಮುಗಿದ ಮೇಲೆ ಇನ್ನೊಂದನ್ನು ತರುವ ಬದಲು, ಇದು ಕೂಡುತ್ತಿರುವಾಗಲೇ ಮುಂದಿನದನ್ನು ತಂದರೆ? ಅದೇ ಪೈಪ್‌ಲೈನ್. ಪಾಠಗಳಲ್ಲಿ ಬರುವ ಐದು ಹಂತ: ತರುವುದು, ಬಿಡಿಸಿ ಓದುವುದು, ಲೆಕ್ಕ ಮಾಡುವುದು, ಮೆಮೊರಿ ಮುಟ್ಟುವುದು, ಉತ್ತರ ಬರೆಯುವುದು. ಐದು ಆದೇಶ ಐದು ಹಂತದಲ್ಲಿ ಒಟ್ಟಿಗೆ. ಒಂದು ಆದೇಶ ಮುಗಿಯಲು ಈಗಲೂ ಐದು ಟಿಕ್ ಬೇಕು, ಆದರೆ ಪ್ರತಿ ಟಿಕ್‌ಗೂ ಒಂದು ಆದೇಶ ಮುಗಿದು ಹೊರಬರುತ್ತದೆ.

ನಮ್ಮ ಪುಟದಲ್ಲಿ ಇದನ್ನು ಮಾಡಲು ಹೋದರೆ ಮೂರು ಕಡೆ ಮುಗ್ಗರಿಸುತ್ತೀರಿ. ಆ ಮೂರನ್ನೂ ನೀವೇ ಕಂಡುಕೊಂಡರೆ ಅರ್ಧ ಪಾಠ ಮುಗಿದಂತೆ.

ಮೊದಲನೆಯದು ಬಸ್. ಒಂದು ಆದೇಶ ಮೆಮೊರಿಯಿಂದ ಸಂಖ್ಯೆ ಓದುವಾಗ ಇನ್ನೊಂದನ್ನು ಅದೇ ಮೆಮೊರಿಯಿಂದ ತರಲು ಆಗದು. ಅದಕ್ಕೇ ಇಂದಿನ ಪ್ರೊಸೆಸರ್‌ಗಳು ಆದೇಶಕ್ಕೊಂದು, ಡೇಟಾಗೊಂದು ಬೇರೆ ಕ್ಯಾಶ್ (ಹತ್ತಿರದ ಚಿಕ್ಕ ಮೆಮೊರಿ, ಹೆಜ್ಜೆ 10ರಲ್ಲಿ ನೋಡೋಣ) ಇಡುತ್ತವೆ. ಎರಡನೆಯದು, ಉತ್ತರಕ್ಕೆ ಕಾಯುವುದು. "ಕೂಡು 14" ಮುಗಿಯುವ ಮುಂಚೆ "ಇಡು 15"ಕ್ಕೆ ಎ ಬೇಕು. ಆಡರಿಂದ ಬಂದ ಉತ್ತರವನ್ನು ರಿಜಿಸ್ಟರ್‌ಗೆ ಬರೆಯುವ ತನಕ ಕಾಯದೆ ನೇರವಾಗಿ ಮುಂದಿನ ಆದೇಶಕ್ಕೆ ಕೈದಾಟಿಸುವ ಅಡ್ಡದಾರಿ ಹಾಕಿದರೆ ಇದು ಬಗೆಹರಿಯುತ್ತದೆ. ಅದಕ್ಕೆ ಫಾರ್ವರ್ಡಿಂಗ್ ಅನ್ನುತ್ತಾರೆ.

ಮೂರನೆಯದು ಕಷ್ಟದ್ದು. ಸೊನ್ನೆಗೆ-ಹೋಗು ಬಂದಾಗ ಮುಂದಿನ ಆದೇಶ 2ನೇ ಮನೆಯದೋ 8ನೇ ಮನೆಯದೋ? ಗೊತ್ತಾಗುವ ತನಕ ಕಾದರೆ ಟಿಕ್‌ಗಳು ದಂಡ. ಹಾಗಾಗಿ ಪ್ರೊಸೆಸರ್ ಊಹಿಸುತ್ತದೆ. ತಪ್ಪಿದರೆ ಅರ್ಧ ಮಾಡಿದ ಕೆಲಸ ಎಸೆದು ಸರಿಯಾದ ದಾರಿ ಹಿಡಿಯುತ್ತದೆ. ನಮ್ಮ ಪ್ರೋಗ್ರಾಂನಲ್ಲಿ ಆ ಆದೇಶ ನಾಲ್ಕು ಸಲ ಬರುತ್ತದೆ, ಮೂರು ಸಲ ಹಾರುವುದಿಲ್ಲ. "ಹಾರುವುದಿಲ್ಲ" ಅಂತ ಸುಮ್ನೆ ಊಹಿಸಿದರೂ ನಾಲ್ಕರಲ್ಲಿ ಮೂರು ಸರಿ. ನೂರು ಸುತ್ತಿದ್ದರೆ 101ರಲ್ಲಿ 100 ಸರಿ. ಹಿಂದಿನ ಸಲ ಏನಾಯಿತು ಅಂತ ಎರಡು ಬಿಟ್‌ನಲ್ಲಿ ನೆನಪಿಟ್ಟುಕೊಂಡು, ಎರಡು ಸಲ ತಪ್ಪಿದರೆ ಮಾತ್ರ ಮನಸ್ಸು ಬದಲಿಸುವ ಸಣ್ಣ ಕೌಂಟರ್ ಕೂಡ ಆಶ್ಚರ್ಯ ಆಗುವಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ.

ಎಸೆದ ಕೆಲಸ ಪೂರ್ತಿ ಅಳಿಸಿಹೋಗುವುದಿಲ್ಲ ಅನ್ನುವುದು ದೊಡ್ಡ ಸುದ್ದಿಯಾದದ್ದು 2018ರ ಜನವರಿಯಲ್ಲಿ. ಊಹೆಯ ಮೇಲೆ ಓಡಿದ ಆದೇಶಗಳು ಕ್ಯಾಶ್‌ನಲ್ಲಿ ಹೆಜ್ಜೆಗುರುತು ಬಿಡುತ್ತವೆ, ಅದನ್ನು ಅಳೆದು ಗುಟ್ಟು ಕದಿಯಬಹುದು ಅಂತ ಸ್ಪೆಕ್ಟರ್ ಅನ್ನುವ ದಾಳಿ ತೋರಿಸಿತು. ವೇಗಕ್ಕಾಗಿ ಮಾಡಿದ ವಿನ್ಯಾಸದಲ್ಲಿ ಭದ್ರತೆಯನ್ನೂ ಮೊದಲಿಂದಲೇ ಯೋಚಿಸಬೇಕು ಅಂತ ಇಡೀ ಉದ್ಯಮಕ್ಕೆ ಆಗ ಅರಿವಾಯಿತು.

ಹೆಜ್ಜೆ 10: ಮೆಮೊರಿ ದೂರ ಇದೆ

ನಮ್ಮ ಮೆಮೊರಿ ಒಂದೇ ಟಿಕ್‌ನಲ್ಲಿ ಉತ್ತರ ಕೊಡುತ್ತದೆ. ಇಂದಿನ ಕಂಪ್ಯೂಟರ್‌ಗಳಲ್ಲಿ ಹಾಗಿಲ್ಲ. ಮುಖ್ಯ ಮೆಮೊರಿಯಿಂದ ಒಂದು ಸಂಖ್ಯೆ ಬರಲು ನೂರಾರು ಟಿಕ್ ಹಿಡಿಯಬಹುದು. ಅದಕ್ಕೆ ಪ್ರೊಸೆಸರ್‌ನ ಮಗ್ಗುಲಲ್ಲೇ ಚಿಕ್ಕ, ಚುರುಕಾದ ಮೆಮೊರಿ ಇಡುತ್ತಾರೆ, ಅದೇ ಕ್ಯಾಶ್. ಹತ್ತಿರದ ಕ್ಯಾಶ್‌ನಿಂದ ನಾಲ್ಕೈದು ಟಿಕ್‌ನಲ್ಲಿ ಸಿಗುತ್ತದೆ.

ಕ್ಯಾಶ್ ಒಂದೊಂದೇ ಸಂಖ್ಯೆ ತರುವುದಿಲ್ಲ. ಅಕ್ಕಪಕ್ಕದ್ದನ್ನೂ ಸೇರಿಸಿ ಒಂದು ಸಾಲಾಗಿ ತರುತ್ತದೆ, ಸಾಮಾನ್ಯವಾಗಿ 64 ಬೈಟ್. 4 ಬೈಟ್‌ನ ಸಂಖ್ಯೆಗಳಾದರೆ ಒಂದೇ ಸಲಕ್ಕೆ 16 ಬಂದವು. ಸಾವಿರ ಸಾಲು, ಸಾವಿರ ಕಂಬದ ಒಂದು ಕೋಷ್ಟಕ, ಮೆಮೊರಿಯಲ್ಲಿ ಸಾಲಿನ ಮೇಲೆ ಸಾಲಾಗಿ ಇದೆ ಅಂದುಕೊಳ್ಳಿ. ಸಾಲಿನ ಗುಂಟ ಕೂಡುತ್ತಾ ಹೋದರೆ ಹದಿನಾರಕ್ಕೆ ಒಮ್ಮೆ ಮಾತ್ರ ದೂರ ಹೋಗಬೇಕು. ಕಂಬದ ಗುಂಟ ಇಳಿದರೆ ಪ್ರತಿ ಹೆಜ್ಜೆಗೂ ಹೊಸದೊಂದು 64 ಬೈಟ್‌ನ ಸಾಲು ತರಬೇಕು, ತಂದದ್ದು ಕ್ಯಾಶ್‌ನಲ್ಲಿ ಉಳಿಯದಿದ್ದರೆ ಮತ್ತೆ ತರಬೇಕು. ಲೆಕ್ಕ ಅದೇ, ಉತ್ತರ ಅದೇ, ಹೊತ್ತು ಮಾತ್ರ ಎಷ್ಟೋ ಪಟ್ಟು ಜಾಸ್ತಿ. ಸಿ ಭಾಷೆ ಗೊತ್ತಿದ್ದರೆ ಎರಡು ಲೂಪ್ ಬರೆದು ಅಳೆಯಿರಿ.

ಕೋರ್‌ಗಳನ್ನು, ಅಂದರೆ ಒಂದೇ ಚಿಪ್‌ನೊಳಗಿನ ಪ್ರೊಸೆಸರ್‌ಗಳನ್ನು, ಹೆಚ್ಚಿಸುವುದರ ಬಗ್ಗೆ ಒಂದೇ ಮಾತು. ಕೆಲಸದಲ್ಲಿ ಹತ್ತನೇ ಒಂದು ಭಾಗ ಹಂಚಲು ಬಾರದ್ದಾದರೆ, ಸಾವಿರ ಕೋರ್ ಹಾಕಿದರೂ ವೇಗ ಹತ್ತು ಪಟ್ಟು ಮುಟ್ಟುವುದಿಲ್ಲ. 1967ರಲ್ಲಿ ಜೀನ್ ಆಮ್ಡಾಲ್ ಎತ್ತಿದ ಈ ಮಾತು ಇಂದಿಗೂ ಅಷ್ಟೇ ನಿಜ.

ಹೆಜ್ಜೆ 11: ಕಾಗದದಿಂದ ಸಿಮ್ಯುಲೇಟರ್‌ಗೆ

ಕಾಗದದ ಮೇಲೆ 106 ಟಿಕ್ ಒಮ್ಮೆಯಾದರೂ ಪೂರ್ತಿ ಓಡಿಸಿದ ಮೇಲೆ ಮಾತ್ರ ಕಂಪ್ಯೂಟರ್ ಮುಂದೆ ಕೂರಿ. ಲಾಜಿಸಿಮ್‌ನಂಥ ಉಚಿತ ತಂತ್ರಾಂಶದಲ್ಲಿ ಗೇಟ್, ರಿಜಿಸ್ಟರ್, ಮೆಮೊರಿ ಎಲ್ಲ ಎಳೆದು ಜೋಡಿಸಬಹುದು. ಬರೆದು ಹೇಳುವುದು ಇಷ್ಟವಾದರೆ, ಸರ್ಕ್ಯೂಟನ್ನು ಬರಹದಲ್ಲಿ ವಿವರಿಸುವ ವೆರಿಲಾಗ್ ಭಾಷೆ ಕಲಿಯಿರಿ. ಮುಂದೆ ಅದೇ ಬರಹವನ್ನು ಎಫ್‌ಪಿಜಿಎ ಬೋರ್ಡ್‌ಗೆ (ಬೇಕಾದ ಸರ್ಕ್ಯೂಟ್ ಆಗಿ ಬದಲಾಯಿಸಬಹುದಾದ ಚಿಪ್ ಇರುವ ಬೋರ್ಡ್) ಹಾಕಿ ನಿಜವಾಗಿ ಓಡಿಸಬಹುದು.

ಒಟ್ಟಿಗೆ ಎಲ್ಲ ಕಟ್ಟಬೇಡಿ. ಆಡರ್ ಕಟ್ಟಿ, 3 − 1 ಕೊಟ್ಟು ನೋಡಿ. ಎ ರಿಜಿಸ್ಟರ್ ಸೇರಿಸಿ, ಒಂದು ಟಿಕ್ ಕೊಟ್ಟು ಸಂಖ್ಯೆ ನಿಂತಿತಾ ನೋಡಿ. ಆಮೇಲೆ ಬಸ್, ಆಮೇಲೆ ಮೆಮೊರಿ, ಕಟ್ಟಕಡೆಗೆ ಕಂಟ್ರೋಲ್ ಕೋಷ್ಟಕ. ಒಂದೊಂದು ಭಾಗ ಸೇರಿಸಿದಾಗಲೂ ನಿಮ್ಮ ಕಾಗದದ ಅಂಕಣಗಳನ್ನು ಪಕ್ಕದಲ್ಲಿ ಇಟ್ಟುಕೊಂಡು ಸಾಲು ಸಾಲು ಹೋಲಿಸಿ. ಯಂತ್ರ ನಿಂತಾಗ 15ನೇ ಮನೆಯಲ್ಲಿ 00010010 ಇರಬೇಕು, ಟಿಕ್ ಎಣಿಕೆ 106 ಇರಬೇಕು. ಉತ್ತರ ಸರಿ ಇದ್ದು ಎಣಿಕೆ 133 ಬಂದರೆ, ಹೆಜ್ಜೆ ಕೌಂಟರ್ ಆದೇಶ ಮುಗಿದ ಕೂಡಲೇ ಮೊದಲಿಗೆ ಬರುತ್ತಿಲ್ಲ, ಪ್ರತಿ ಸಲವೂ ಐದರವರೆಗೆ ಓಡುತ್ತಿದೆ ಅಂತ ಅರ್ಥ. ಕೋಷ್ಟಕದಲ್ಲಿ 15ನೇ ತಂತಿಯ ಅಂಕಣ ನೋಡಿ, ಅಲ್ಲಿ 1 ಬಿಟ್ಟುಹೋಗಿರುತ್ತದೆ.